ಒಬ್ಬರೇ ಪಂಢರಪುರಕ್ಕೆ ನಡೆಯುವವರಿಗೆ: ಗದ್ದಲವಿಲ್ಲದ ದಾರಿ ಆರಿಸುವ ಕ್ರಮ

ಪುಣೆಯಲ್ಲಿರುವ ನಮ್ಮ ಕನ್ನಡದವರಲ್ಲಿ ಪ್ರತಿ ವರ್ಷ ಒಬ್ಬಿಬ್ಬರಾದರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. "ಪಂಢರಪುರಕ್ಕೆ ನಡೆದು ಹೋಗಬೇಕು ಅಂತ ಆಸೆ. ಆಷಾಢದ ಜನಜಂಗುಳಿ ಬೇಡ. ಒಬ್ಬನೇ ಹೋಗ್ತೀನಿ. ಯಾವ ದಾರಿ ಒಳ್ಳೇದು?"

ಮೊದಲೆಲ್ಲ ನಾನು ದಾರಿ ಹೇಳಿ ಕಳಿಸುತ್ತಿದ್ದೆ. ಹೆಚ್ಚಿನವರು ಮೂರನೇ ದಿನಕ್ಕೇ ಜೇಜುರಿಯಿಂದಲೋ ಲೋಣಂದದಿಂದಲೋ ಬಸ್ ಹತ್ತಿ ವಾಪಸ್ ಬರುತ್ತಿದ್ದರು. ಕೇಳಿದರೆ ಎಲ್ಲರದೂ ಒಂದೇ ಮಾತು. ರಾತ್ರಿ ಮಲಗಲು ಜಾಗ ಸಿಗಲಿಲ್ಲ, ಲಾರಿಗಳ ಕಾಟ ತಡೆಯಲಾಗಲಿಲ್ಲ, ಅಂಗಾಲು ಬೊಬ್ಬೆ ಎದ್ದಿತು. ಭಕ್ತಿಯಾಗಲಿ ಶಕ್ತಿಯಾಗಲಿ ಅವರಲ್ಲಿ ಕಡಿಮೆ ಇರಲಿಲ್ಲ. ಕ್ರಮ ತಪ್ಪಿತ್ತು, ಅಷ್ಟೇ. ದಾರಿಯನ್ನು ಮೊದಲು ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಲು ಹೋಗಿದ್ದರು.

ಒಬ್ಬರೇ ನಡೆಯುವವರು ಇದನ್ನು ತಿರುವು ಮುರುವು ಮಾಡಬೇಕು. ಮೊದಲು ತಾರೀಖು. ಆಮೇಲೆ ರಾತ್ರಿ ಮಲಗುವ ಜಾಗ. ದಾರಿ ಬರುವುದು ಮೂರನೆಯದಾಗಿ.

ಕೂರುವ ಮುಂಚೆ ಏನೇನು ಬೇಕು

ತಿಥಿ ಇರುವ ಕ್ಯಾಲೆಂಡರ್ ಒಂದು, ನೋಟ್‌ಬುಕ್ ಒಂದು. ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ಇಳಿಸಿಕೊಂಡ ನಕ್ಷೆ. ಮರಾಠಿಯಲ್ಲಿ ಫೋನ್ ಮಾಡಿ ಮಾತಾಡಬಲ್ಲವರು ಒಬ್ಬರು. ನಿಮಗೇ ಬಂದರೆ ಇನ್ನೂ ಒಳ್ಳೇದು. ಶೂ, ಬ್ಯಾಗ್ ಈಗಲೇ ಕೊಳ್ಳಬೇಡಿ. ಅದು ಆರನೇ ಹಂತದ ಕೆಲಸ.

ಹಂತ 1: ತಾರೀಖು ಹಿಡಿಯಿರಿ

ದಾರಿ ಶಾಂತವಾಗಿರುವುದು ಮುಖ್ಯವಾಗಿ ತಾರೀಖಿನಿಂದ. ಒಂದೇ ರಸ್ತೆ ಆಷಾಢದಲ್ಲಿ ಲಕ್ಷಾಂತರ ಜನರ ಹೊಳೆ, ಪುಷ್ಯದಲ್ಲಿ ಖಾಲಿ.

ಪಂಢರಪುರಕ್ಕೆ ವರ್ಷದಲ್ಲಿ ನಾಲ್ಕು ದೊಡ್ಡ ವಾರಿ, ಅಂದರೆ ವಿಠ್ಠಲ ಭಕ್ತರ ಯಾತ್ರೆ: ಆಷಾಢ, ಕಾರ್ತಿಕ, ಮಾಘ, ಚೈತ್ರ. ಈ ನಾಲ್ಕರ ಏಕಾದಶಿಯ ಹಿಂದೆ ಮುಂದೆ ಒಂದೊಂದು ವಾರವನ್ನು ಕ್ಯಾಲೆಂಡರಿನಲ್ಲಿ ಹೊಡೆದುಹಾಕಿ. ಆಷಾಢಕ್ಕಂತೂ ಹಿಂದಿನ ಮೂರು ವಾರ ಹೊಡೆಯಿರಿ. ಸಂತರ ಪಾದುಕೆ ಹೊತ್ತ ಪಾಲ್ಕಿ (ಪಲ್ಲಕ್ಕಿ) ಅಷ್ಟೂ ದಿನ ರಸ್ತೆಯಲ್ಲೇ ಇರುತ್ತದೆ. ಅಧಿಕ ಮಾಸ ಬಂದ ವರ್ಷ ಆ ತಿಂಗಳಿಡೀ ಪಂಢರಪುರದಲ್ಲಿ ಜನ ಜಾಸ್ತಿ, ಅದನ್ನೂ ಬಿಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಜನ ಎಡವುವುದು ನಡುವಿನ ಊರುಗಳಲ್ಲಿ. ಜೇಜುರಿಯಲ್ಲಿ ಸೋಮವತಿ ಅಮಾವಾಸ್ಯೆಗೂ ಮಾರ್ಗಶಿರದ ಚಂಪಾಷಷ್ಠಿಗೂ ಕಾಲಿಡಲು ಜಾಗ ಇರುವುದಿಲ್ಲ. ಚೈತ್ರದಲ್ಲಿ ಶಿಖರ ಶಿಂಗಣಾಪುರದ ಜಾತ್ರೆ, ಆಗ ಫಲಟಣ ಮತ್ತು ನಾತೆಪುತೆ ಕಡೆಯ ರಸ್ತೆಗಳು ತುಂಬಿರುತ್ತವೆ. ಪ್ರತಿ ತಿಂಗಳ ಶುದ್ಧ ಏಕಾದಶಿಗೆ ಪಂಢರಪುರಕ್ಕೆ, ವದ್ಯ (ಬಹುಳ) ಏಕಾದಶಿಗೆ ಸಂತ ಜ್ಞಾನೇಶ್ವರರ ಸಮಾಧಿ ಇರುವ ಆಳಂದಿಗೆ ತಿಂಗಳ ವಾರಿಯವರು ಬರುತ್ತಾರೆ. ನೀವು ಹೊರಡುವ ದಿನ, ಜೇಜುರಿ ಮುಟ್ಟುವ ದಿನ, ಪಂಢರಪುರ ತಲುಪುವ ದಿನ, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ.

ಹವೆ ನೋಡಿದರೆ ಏಪ್ರಿಲ್, ಮೇ ಬೇಡವೇ ಬೇಡ. ಮಾಳಶಿರಸದಿಂದಾಚೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮರದ ನೆರಳೂ ಕಡಿಮೆ. ನನ್ನ ಆಯ್ಕೆ ಡಿಸೆಂಬರ್ ಎರಡನೇ ವಾರದಿಂದ ಜನವರಿ ನಡುವಿನವರೆಗೆ. ಅದರಲ್ಲೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ರಜೆಯ ವಾರ ಪಂಢರಪುರಕ್ಕೆ ತಲುಪದ ಹಾಗೆ ನೋಡಿಕೊಳ್ಳಿ.

ಇನ್ನೊಂದು ದಾರಿ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಆಷಾಢದ ಹುಣ್ಣಿಮೆಯಂದು ವಾರಿಯ ಕೊನೆಯ ಉತ್ಸವವಾದ ಗೋಪಾಳಕಾಲಾ ಮುಗಿದ ಮೇಲೆ ಪಾಲ್ಕಿ ನಡೆದುಕೊಂಡೇ ಆಳಂದಿಗೆ ವಾಪಸ್ ಬರುತ್ತದೆ. ಹೋಗುವಾಗಿನ ಜನದಲ್ಲಿ ಒಂದು ಸಣ್ಣ ಪಾಲು ಮಾತ್ರ ಜೊತೆಗಿರುತ್ತದೆ. ನಡಿಗೆ ಮಾತ್ರ ಬಿರುಸು, ಹೋಗಲು ತೆಗೆದುಕೊಂಡ ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧದಲ್ಲಿ ಮುಗಿಯುತ್ತದೆ. ಪೂರ್ತಿ ಒಂಟಿಯಾಗಿರಲು ಧೈರ್ಯ ಸಾಲದವರಿಗೆ, ದಿನಕ್ಕೆ 25 ಕಿ.ಮೀ. ಮೇಲೆ ನಡೆಯಬಲ್ಲವರಿಗೆ ಇದು ಚೆನ್ನ.

ಹಂತ 2: ಮಲಗುವ ಜಾಗ ಮೊದಲು, ದಾರಿ ಆಮೇಲೆ

ವಾರಿಯಲ್ಲಿ ದಿಂಡಿಯ (ಭಕ್ತರ ತಂಡ) ಜೊತೆ ಹೋದವರು ಇಲ್ಲೇ ಮೋಸ ಹೋಗುತ್ತಾರೆ. ಆಗ ಪ್ರತಿ ಮುಕ್ಕಾಮಿನಲ್ಲಿ ಟೆಂಟ್, ಊಟ, ನೀರಿನ ಟ್ಯಾಂಕರ್ ಎಲ್ಲಾ ಇತ್ತು. ಡಿಸೆಂಬರಿನಲ್ಲಿ ಅದೇ ಊರಿಗೆ ಹೋದರೆ ಆ ಮೈದಾನದಲ್ಲಿ ಮೇಯುವ ಆಡು ಬಿಟ್ಟರೆ ಏನೂ ಇರುವುದಿಲ್ಲ. ಬರಡ, ಭಂಡಿಶೇಗಾಂವದಂಥ ಊರುಗಳು ವಾರಿಯ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುತ್ತವೆ. ಆದರೆ ಒಬ್ಬರೇ ಹೋದಾಗ ಅಲ್ಲಿ ಲಾಡ್ಜ್ ಸಿಗುತ್ತದೆ ಅಂದುಕೊಂಡು ಹೋಗಬೇಡಿ.

ಆಳಂದಿಯಿಂದ ಪಂಢರಪುರ ಸುಮಾರು 250 ಕಿ.ಮೀ. ಸಾಸವಡದಿಂದ ಹೊರಟರೆ ಸುಮಾರು 190. ಜ್ಞಾನೇಶ್ವರ ಪಾಲ್ಕಿಯ ದಾರಿಯಲ್ಲಿ ಊರಿಂದ ಊರಿಗೆ ದೂರ ಹೆಚ್ಚುಕಡಿಮೆ ಹೀಗಿದೆ: ಸಾಸವಡದಿಂದ ಜೇಜುರಿ 16, ಅಲ್ಲಿಂದ ವಾಲ್ಹೆ 12, ವಾಲ್ಹೆಯಿಂದ ನೀರಾ ದಾಟಿ ಲೋಣಂದ 20, ತರಡಗಾಂವ 8, ಫಲಟಣ 21, ಬರಡ 18, ನಾತೆಪುತೆ 21, ಮಾಳಶಿರಸ 18, ವೇಳಾಪುರ 19, ಭಂಡಿಶೇಗಾಂವ 21. ಕೊನೆಗೆ ವಾಖರಿ ಮೂಲಕ ಪಂಢರಪುರಕ್ಕೆ ಸುಮಾರು 16.

ಇದನ್ನು ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆಯಿರಿ. ಪ್ರತಿ ಊರಿನ ಎದುರು ಮೂರು ವಿಷಯ ಬರೆಯಬೇಕು. ರಾತ್ರಿ ಎಲ್ಲಿ ಮಲಗುತ್ತೇನೆ. ಅಲ್ಲಿ ಜಾಗ ಇಲ್ಲ ಅಂದರೆ ಎಲ್ಲಿ. ಅದೂ ಇಲ್ಲದಿದ್ದರೆ ಸಂಜೆ ಯಾವ ಬಸ್ ಹಿಡಿದು ಹತ್ತಿರದ ಪೇಟೆಗೆ ಹೋಗಿ, ಬೆಳಿಗ್ಗೆ ವಾಪಸ್ ಅದೇ ಜಾಗದಿಂದ ನಡೆಯುತ್ತೇನೆ. ಈ ಮೂರನೇ ಖಾನೆಯನ್ನು ಯಾರೂ ತುಂಬುವುದಿಲ್ಲ. ಅದೇ ಉಳಿಸುವುದು. ಬಸ್ಸಿನಲ್ಲಿ ಹೋಗಿ ಮಲಗಿ ಬಂದರೆ ಹರಕೆ ಮುರಿಯಿತು ಅಂತ ಕೆಲವರಿಗೆ ಅನಿಸುತ್ತದೆ. ನಿಲ್ಲಿಸಿದ ಜಾಗದಿಂದಲೇ ಮತ್ತೆ ಹೆಜ್ಜೆ ಇಟ್ಟರೆ ಒಂದು ಹೆಜ್ಜೆಯೂ ತಪ್ಪಿರುವುದಿಲ್ಲ ಅಲ್ವಾ?

ಜಾಗ ಹುಡುಕುವ ರೀತಿ: ಸಾಸವಡ, ಜೇಜುರಿ, ಫಲಟಣದಂಥ ಪೇಟೆಯಲ್ಲಿ ಲಾಡ್ಜ್ ಅಥವಾ ಧರ್ಮಶಾಲೆ ನೋಡಿ, ಹಿಂದಿನ ದಿನ ಫೋನ್ ಮಾಡಿ. "ಒಬ್ಬರೇ ಬರ್ತಿದ್ದೀನಿ" ಅಂತ ಮೊದಲೇ ಹೇಳಿ, ಕೆಲವು ಕಡೆ ಒಂಟಿಯಾಗಿ ಬಂದವರಿಗೆ ಕೋಣೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆಧಾರ್ ಕಾರ್ಡು ಕೈಯಲ್ಲಿರಲಿ. ಸಣ್ಣ ಊರಾದರೆ ವಿಠ್ಠಲ ಮಂದಿರ ಅಥವಾ ಮಾರುತಿ ಮಂದಿರದ ಸಭಾಮಂಟಪ. ಅದಕ್ಕೂ ಸುಮ್ನೆ ಹೋಗಿ ಚಾಪೆ ಹಾಸಬಾರದು. ಊರಿನ ಪೊಲೀಸ್ ಪಾಟೀಲರನ್ನೋ (ಸರಕಾರ ನೇಮಿಸಿದ ಊರ ಗೌಡ) ಸರಪಂಚರನ್ನೋ (ಗ್ರಾಮ ಪಂಚಾಯತಿ ಮುಖ್ಯಸ್ಥ) ಕಂಡು, ಹೆಸರು ಹೇಳಿ, ಕಾರ್ಡು ತೋರಿಸಿ ಕೇಳಬೇಕು. ನಾಲ್ಕು ಗಂಟೆಯೊಳಗೆ ಕೇಳಿದರೆ ಊರಿನ ಅತಿಥಿ ಆಗುತ್ತೀರಿ. ಕತ್ತಲಾದ ಮೇಲೆ ಕೇಳಿದರೆ ಎಲ್ಲರಿಗೂ ಅನುಮಾನ.

ಈ ಒಂದು ಮರಾಠಿ ಸಾಲು ಬಾಯಿಪಾಠ ಮಾಡಿ: "ಮೀ ಪಾಯೀ ಪಂಢರಪುರಲಾ ಚಾಲಲೋಯ್. ರಾತ್ರೀ ಮುಕ್ಕಾಮಾಲಾ ಜಾಗಾ ಮಿಳೇಲ್ ಕಾ?" ನಡೆದು ಪಂಢರಪುರಕ್ಕೆ ಹೊರಟಿದ್ದೀನಿ, ರಾತ್ರಿ ಉಳಿಯಲು ಜಾಗ ಸಿಗುತ್ತಾ ಅಂತ ಅರ್ಥ. ಹೆಂಗಸರಾದರೆ "ಚಾಲಲೇಯ್". ವಾಲ್ಹೆಯ ಆಚೆ ಒಂದು ಸಣ್ಣ ಊರಿನಲ್ಲಿ ನಾನು ಇದನ್ನು ತಡವರಿಸುತ್ತಾ ಕೇಳಿದಾಗ, ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದ ಅಜ್ಜಿ ಎದ್ದು ಬಂದು ಮೊದಲು ನೋಡಿದ್ದು ನನ್ನ ಕಾಲನ್ನು. ಮುಖ ನೋಡಲಿಲ್ಲ. "ಬಸಾ ಮಾವುಲಿ" (ಕೂತ್ಕೊಳ್ಳಿ ತಾಯಿ; ವಾರಿಯವರನ್ನೆಲ್ಲ ಹಾಗೇ ಕರೆಯುತ್ತಾರೆ) ಅಂತ ಚೊಂಬಿನಲ್ಲಿ ನೀರು ತಂದು ಕಾಲಿಗೆ ಹಾಕಿದರು. ಆಮೇಲೆ ಬಿಸಿ ಭಾಕರಿ, ಪಿಠಲಂ. ನಮ್ಮ ಜೋಳದ ರೊಟ್ಟಿ, ಜುಣಕವೇ. ಆ ರಾತ್ರಿ ಅವರ ಮಗ ಮಂದಿರದ ಬೀಗ ತೆಗೆದುಕೊಟ್ಟ. ಬೆಳಿಗ್ಗೆ ಬೀಗದ ಕೈ ಅವರ ಕೈಗೇ ಕೊಟ್ಟು ಹೊರಟೆ. ಇಂಥ ಕಡೆ ದುಡ್ಡು ಕೊಡಲು ಹೋಗಬೇಡಿ, ಮಂದಿರದ ಹುಂಡಿಗೆ ಹಾಕಿ.

ಹೆಣ್ಣುಮಕ್ಕಳು ಒಬ್ಬರೇ ಹೊರಟರೆ ಸಭಾಮಂಟಪದ ಲೆಕ್ಕವನ್ನೇ ಬಿಡಿ. ಎಲ್ಲಾ ರಾತ್ರಿಯೂ ಪೇಟೆಯ ಕೋಣೆ ಅಥವಾ ಮೊದಲೇ ಗೊತ್ತಾದ ಮನೆ ಇರಲಿ. ನಡುವಿನ ಊರಿನಲ್ಲಿ ನಿಲ್ಲಿಸಿದ ದಿನ ಬಸ್ ಹಿಡಿದು ಪೇಟೆಗೆ ಹೋಗಿ. ದಿನ ಎರಡು ಹೆಚ್ಚಾಗುತ್ತದೆ, ಆಗಲಿ.

ಹಂತ 3: ಈಗ ಮೂರು ದಾರಿಯಲ್ಲಿ ಒಂದು

ಆಳಂದಿಯಿಂದ ಹಡಪ್ಸರ ದಾಟುವವರೆಗೆ ಊರೊಳಗಿನ ಟ್ರಾಫಿಕ್ಕು, ಆಮೇಲೆ ದಿವೆ ಘಾಟ್. ಹರಕೆ ಆಳಂದಿಯಿಂದಲೇ ಇದ್ದರೆ ಊರೊಳಗಿನ ಭಾಗವನ್ನು ಭಾನುವಾರ ಬೆಳಗಿನ ಜಾವ ಮುಗಿಸಿ, ಘಾಟನ್ನು ಮಾರನೇ ದಿನ ಬೆಳಕು ಹರಿದ ಕೂಡಲೇ ಹತ್ತಿ. ತಿರುವಿನಲ್ಲಿ ಮೇಲಿಂದ ಬರುವ ಲಾರಿ ಕಾಣಿಸುವುದಿಲ್ಲ, ಕತ್ತಲಲ್ಲಿ ಆ ಘಾಟ್ ಬೇಡ. ಅಂಥ ಹರಕೆ ಇಲ್ಲದವರು ಆಳಂದಿಯಲ್ಲಿ ದರ್ಶನ ಮಾಡಿ, ಸಾಸವಡಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆಯಲಿ. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ.

*ಜ್ಞಾನೇಶ್ವರ ಪಾಲ್ಕಿ ದಾರಿ.* ಮೇಲೆ ಬರೆದದ್ದು ಇದೇ. ಈಗ ರಾಷ್ಟ್ರೀಯ ಹೆದ್ದಾರಿ 965. ಇದನ್ನೂ ತುಕಾರಾಮ ಪಾಲ್ಕಿ ದಾರಿಯನ್ನೂ ನಾಲ್ಕು ಪಥ ಮಾಡುವ ಕೆಲಸಕ್ಕೆ 2021ರ ನವೆಂಬರಿನಲ್ಲಿ ಶಂಕುಸ್ಥಾಪನೆ ಆಯಿತು, ನಡೆಯುವವರಿಗೆ ಬೇರೆ ಪಟ್ಟಿ ಇಡುವ ಯೋಜನೆಯೂ ಅದರಲ್ಲಿದೆ. ಚಹಾ, ನೀರು, ಔಷಧಿ ಅಂಗಡಿ, ಬಸ್ ಎಲ್ಲಾ ಹತ್ತಿರ ಹತ್ತಿರ. ಜನದ ಗದ್ದಲ ಇಲ್ಲ, ಗಾಡಿಯ ಸದ್ದು ಇದೆ. ಒಬ್ಬರೇ ಹೋಗುವ ಮೊದಲ ಯಾತ್ರೆಗೆ ಇದೇ ಸರಿ.

*ತುಕಾರಾಮ ಪಾಲ್ಕಿ ದಾರಿ.* ದೇಹುವಿನಿಂದ ಪುಣೆ, ಲೋಣಿ ಕಾಳಭೋರ, ಯವತ, ವರವಂಡ, ಬಾರಾಮತಿ, ಇಂದಾಪುರ, ಅಕಲೂಜ. ಪುಣೆ ಬಿಟ್ಟ ಮೇಲೆ ಮೊದಲ ಮೂರು ದಿನ ಸೋಲಾಪುರ ಹೆದ್ದಾರಿಯ ಮೇಲೆ. ಲಾರಿ, ಕಂಟೇನರ್ ನಿಲ್ಲುವುದೇ ಇಲ್ಲ. ಪಾಟಸದಲ್ಲಿ ಬಾರಾಮತಿ ಕಡೆ ತಿರುಗಿದ ಮೇಲೆ ಉಸಿರಾಡುವ ಹಾಗಾಗುತ್ತದೆ. ಒಂಟಿಯಾಗಿ ಶಾಂತಿ ಹುಡುಕುವವರು ಪಾಟಸದವರೆಗೆ ಬಸ್ಸಿನಲ್ಲಿ ಹೋಗಲಿ, ಇಲ್ಲವೇ ಇದನ್ನು ಬಿಡಲಿ.

*ಸೋಪಾನಕಾಕಾ ಪಾಲ್ಕಿ ದಾರಿ.* ಇವರು ಜ್ಞಾನೇಶ್ವರರ ತಮ್ಮ. ಸಾಸವಡದಿಂದ ಸೋಮೇಶ್ವರನಗರ, ಬಾರಾಮತಿ, ಅಕಲೂಜ ಕಡೆಗೆ. ಸಣ್ಣ ರಸ್ತೆ, ಪಕ್ಕದಲ್ಲಿ ಅಲ್ಲಲ್ಲಿ ನೀರಾ ಎಡದಂಡೆ ಕಾಲುವೆ, ಬೇವು, ಆಲ. ಮನಸ್ಸಿಗೆ ಹಿಡಿಸುವ ದಾರಿ ಇದೇ. ಆದರೆ ಇದು ಸಕ್ಕರೆ ಕಾರ್ಖಾನೆಗಳ ಸೀಮೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಬ್ಬು ಅರೆಯುವ ಕಾಲ. ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಎರಡೂ ಕಡೆ ಹೊರಚಾಚಿದ ಕಬ್ಬು, ಹಿಂದೆ ಎಷ್ಟೋ ಸಲ ದೀಪ ಕೂಡ ಇಲ್ಲ. ಮುಂದಿನ ಟ್ರಾಲಿ ನಿಮ್ಮನ್ನು ದಾಟಿತು ಅಂತ ರಸ್ತೆಗೆ ಕಾಲಿಟ್ಟರೆ ಹಿಂದಿನದು ಓಲಾಡಿಕೊಂಡು ಬಂದು ತಾಗುತ್ತದೆ. ನನ್ನ ತೋಳಿಗೆ ಕಬ್ಬಿನ ಸುಳಿ ಗೀರಿದ್ದು ಹೀಗೇ, ಬೆಳಿಗ್ಗೆ ಏಳೂವರೆಗೆ, ಮಂಜಿನಲ್ಲಿ. ಆಮೇಲೆ ಎರಡನೇ ಟ್ರಾಲಿ ದಾಟುವವರೆಗೆ ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ನಿಲ್ಲುವುದು ರೂಢಿಯಾಯಿತು. ಹಾಗಾಗಿ ಕಾರ್ಖಾನೆ ನಡೆಯುವ ತಿಂಗಳಲ್ಲಿ ಈ ದಾರಿ ಬೇಡ. ಮಳೆ ಇಳಿದು ಕಾರ್ಖಾನೆ ಶುರುವಾಗುವ ಮುಂಚಿನ ಎರಡು ಮೂರು ವಾರ ಸಿಕ್ಕರೆ ಹೋಗಿ.

ಚಳಿಗಾಲಕ್ಕೆ ನನ್ನ ಸಲಹೆ: ಸಾಸವಡದಿಂದ 965ರ ದಾರಿ, ಹಗಲಲ್ಲಿ ಮಾತ್ರ. ಸದ್ದು ಸಾಕಾದ ಕಡೆ ಹಳ್ಳಿ ರಸ್ತೆಗೆ ಇಳಿದು ಮತ್ತೆ ಸೇರಿಕೊಳ್ಳಿ.

ಹಂತ 4: ಹಳ್ಳಿ ರಸ್ತೆಯನ್ನು ನಕ್ಷೆಯಲ್ಲಿ ಪರೀಕ್ಷಿಸಿ

ಶಾಂತ ದಾರಿ ಬೇರೆ, ನಿರ್ಜನ ದಾರಿ ಬೇರೆ. ನಿಮಗೆ ಬೇಕಾದ್ದು ಮೊದಲನೆಯದು. ಎರಡು ಕಿ.ಮೀ.ಗೆ ಒಂದಾದರೂ ಮನೆ, ದಿನಕ್ಕೆ ನಾಲ್ಕಾರು ಸಲವಾದರೂ ಓಡಾಡುವ ಸರಕಾರಿ ಎಸ್‌ಟಿ ಬಸ್, ಶಾಲೆಗೆ ನಡೆಯುವ ಮಕ್ಕಳು. ಇವಿದ್ದರೆ ದಾರಿ ಒಳ್ಳೇದು.

ನಕ್ಷೆಯಲ್ಲಿ 'ನಡಿಗೆ' ಒತ್ತಿದರೆ ಬರುವ ಗೆರೆಯನ್ನು ನಂಬಬೇಡಿ. ಅದು ಹತ್ತಿರದ ದಾರಿ ಹುಡುಕುತ್ತದೆ, ಹೊಲದ ಗಾಡಿಜಾಡನ್ನೂ ರಸ್ತೆ ಅನ್ನುತ್ತದೆ. ಆಳೆತ್ತರದ ಕಬ್ಬಿನ ನಡುವೆ ಆ ಜಾಡು ಮುಗಿದುಹೋದರೆ ದಿಕ್ಕೇ ತಿಳಿಯದು. ಉಪಗ್ರಹ ಚಿತ್ರ ಹಾಕಿ, ಹಿಗ್ಗಿಸಿ, ಬೆರಳಿನಲ್ಲಿ ಗೆರೆ ಹಿಡಿದು ಹೋಗಿ. ಕಪ್ಪು ಡಾಂಬರು ಕಾಣುತ್ತದೆಯೇ? ಹಳ್ಳ, ಹೊಳೆ ಬಂದ ಕಡೆ ಸೇತುವೆ ಇದೆಯೇ, ಅಥವಾ ನೀರಿನ ಮಟ್ಟದ ಬಂಡು ಮಾತ್ರವೇ? ಮಳೆಗಾಲದಲ್ಲಿ ವೀರ ಅಣೆಕಟ್ಟಿನಿಂದ ನೀರು ಬಿಟ್ಟರೆ ನೀರಾ ಏರುತ್ತದೆ, ಉಜನಿಯಿಂದ ಬಿಟ್ಟರೆ ಪಂಢರಪುರದಲ್ಲಿ ಭೀಮೆ ಏರುತ್ತಾಳೆ. ತಗ್ಗಿನ ಬಂಡು ಆಗ ಮುಳುಗಿರುತ್ತದೆ.

ಕಾಲುವೆ ಪಕ್ಕದ ಮಣ್ಣಿನ ರಸ್ತೆ ಆಸೆ ಹುಟ್ಟಿಸುತ್ತದೆ. ಚಪ್ಪಟೆ, ನೆರಳು, ಗಾಡಿ ಇಲ್ಲ. ಫಲಟಣ, ಮಾಳಶಿರಸ ಕಡೆ ನೀರಾ ಬಲದಂಡೆ ಕಾಲುವೆಯ ಹತ್ತಿರವೂ ಹೀಗೇ. ಆದರೆ ಕೆಲವು ಕಡೆ ಜಾಲಿ ಬೆಳೆದು ದಾರಿ ಮುಚ್ಚಿರುತ್ತದೆ. ಕಪ್ಪು ಮಣ್ಣು, ಒಂದು ಮಳೆ ಬಿದ್ದರೆ ಚಪ್ಪಲಿಗೆ ಎರಡು ಕಿಲೋ ಅಂಟುತ್ತದೆ. ಮುಖ್ಯ ಎಚ್ಚರಿಕೆ: ಒಬ್ಬರೇ ಇದ್ದಾಗ ಕೈಕಾಲು ತೊಳೆಯಲು ಕಾಲುವೆಗೆ ಇಳಿಯಬೇಡಿ. ಇಳಿಜಾರು ಪಾಚಿಯಿಂದ ಜಾರುತ್ತದೆ. ಪಾಳಿಯ ನೀರು ಬಿಟ್ಟಾಗ ಸೆಳೆತ ಮೇಲಿಂದ ಕಾಣಿಸುವುದಿಲ್ಲ.

ದಾರಿಯಲ್ಲಿ ದೂರ ಕೇಳುವಾಗ ಬೈಕಿನವರನ್ನು ಕೇಳಬೇಡಿ. "ಜವಳಚ್ ಆಹೇ" ಅನ್ನುತ್ತಾರೆ, ಆ 'ಹತ್ತಿರ' ಆರು ಕಿ.ಮೀ. ಇರಬಹುದು. ಹೊಲಕ್ಕೆ ನಡೆದು ಹೋಗುವ ಹೆಂಗಸರನ್ನು ಕೇಳಿ, "ಚಾಲತ್ ಕಿತೀ ವೇಳ್ ಲಾಗೇಲ್?" (ನಡೆದರೆ ಎಷ್ಟು ಹೊತ್ತು ಬೇಕು?) ಅಂತ. ಅವರ ಲೆಕ್ಕ ಸರಿಯಾಗಿರುತ್ತದೆ.

ಹಂತ 5: ಬಿಟ್ಟು ಬರುವ ದಾರಿ ಬರೆದಿಡಿ

ಜೇಜುರಿ, ವಾಲ್ಹೆ, ನೀರಾ, ಲೋಣಂದ ನಾಲ್ಕೂ ಪುಣೆ ಮೀರಜ ರೈಲು ಮಾರ್ಗದಲ್ಲಿವೆ. ಅಲ್ಲಿಂದಾಚೆ ಎಸ್‌ಟಿ ಸ್ಟ್ಯಾಂಡುಗಳು: ಫಲಟಣ, ನಾತೆಪುತೆ, ಮಾಳಶಿರಸ, ಅಕಲೂಜ. ಸಣ್ಣ ಊರಿಂದ ಪೇಟೆಗೆ ವಡಾಪ್ (ಜನ ತುಂಬಿಸಿಕೊಂಡು ಓಡುವ ಖಾಸಗಿ) ಜೀಪು ಸಿಗುತ್ತದೆ, ಆದರೆ ಸಂಜೆ ಆರರ ಮೇಲೆ ನೆಚ್ಚಬೇಡಿ. ಪ್ರತಿ ದಿನದ ಎದುರು ಹತ್ತಿರದ ನಿಲ್ದಾಣದ ಹೆಸರು ಬರೆದು, ಆ ಪುಟದ ಫೋಟೋ ಮನೆಯಲ್ಲಿ ಒಬ್ಬರಿಗೆ ಕಳಿಸಿ. ಸಂಜೆ ಏಳಕ್ಕೆ ಫೋನ್ ಅಂತ ಮಾತಾಗಲಿ. ಎಂಟರವರೆಗೆ ಬರದಿದ್ದರೆ ಅವರು ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದೇ ಪುಟದಲ್ಲಿರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಹಂತ 6: ಎರಡು ದಿನ ನಡೆದು ನೋಡಿ

ಪುಣೆಯವರು ಭಾನುವಾರ ಸಿಂಹಗಡ ಹತ್ತಿ ಇಳಿದು ತಯಾರಾದೆವು ಅಂದುಕೊಳ್ಳುತ್ತಾರೆ. ಗಡ ಹತ್ತುವುದು ತೊಡೆಯ ಕೆಲಸ. ಡಾಂಬರಿನ ಮೇಲೆ 20 ಕಿ.ಮೀ. ನಡೆಯುವುದು ಅಂಗಾಲಿನ ಕೆಲಸ. ಬೊಬ್ಬೆ ಕಾಟ ಕೊಡುವುದು ಎರಡನೇ ದಿನ.

ಹೊರಡುವ ತಿಂಗಳ ಮುಂಚೆ, ವಾರದ ನಡುವೆ, ಬ್ಯಾಗ್ ಹೊತ್ತು ಸಾಸವಡದಿಂದ ಜೇಜುರಿಗೆ ನಡೆಯಿರಿ. ರಾತ್ರಿ ಅಲ್ಲೇ ಇರಿ. ಮಾರನೇ ದಿನ ವಾಲ್ಹೆಯವರೆಗೆ ನಡೆದು ವಾಪಸ್ ಬನ್ನಿ. ಶೂ ಒಂದು ಸೈಜು ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ಹೊಸ ಶೂ ಹಾಕಿಕೊಂಡು ಯಾತ್ರೆಗೆ ಹೊರಡಬೇಡಿ. ಬ್ಯಾಗ್ ನೀರು ಸೇರಿ 7 ಕಿಲೋ ದಾಟಬಾರದು. ಎರಡನೇ ದಿನ ಸಂಜೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಚುಚ್ಚಿದರೆ ದಿನದ ನಡಿಗೆಯನ್ನು 15ಕ್ಕೆ ಇಳಿಸಿ, ಹಂತ 2ರ ಪಟ್ಟಿಯನ್ನು ಮತ್ತೆ ಬರೆಯಿರಿ. ಬೇಸರದ ಕೆಲಸ, ಆದರೂ ಮಾಡಿ.

ಹಂತ 7: ನಡೆಯುವಾಗ ಗಮನಿಸಬೇಕಾದ ಸೂಚನೆಗಳು

ರಸ್ತೆಯ ಬಲಗಡೆ ನಡೆಯಿರಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ. ಬೆಳಕು ಹರಿಯುವ ಮುಂಚೆ, ಸೂರ್ಯ ಮುಳುಗಿದ ಮೇಲೆ ನಡಿಗೆ ಇಲ್ಲ. ಬ್ಯಾಗಿನ ಹಿಂದೆ ಮಿಂಚುವ ಪಟ್ಟಿ ಅಂಟಿಸಿ.

ಚಳಿಗಾಲದಲ್ಲಿ ಧನಗರರ ಕುರಿಹಿಂಡುಗಳು ರಸ್ತೆ ಪಕ್ಕದ ಹೊಲದಲ್ಲಿ ಬೀಡುಬಿಟ್ಟಿರುತ್ತವೆ. ಅವರ ನಾಯಿಗಳು ಹಿಂಡಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಓಡಬೇಡಿ, ಕೋಲು ಎತ್ತಬೇಡಿ. ನಿಂತು, ಕುರುಬರನ್ನು ಕೂಗಿ ಕರೆಯಿರಿ. ಅವರ ಒಂದು ಸೀಟಿಗೆ ನಾಯಿ ಹಿಂದಿರುಗುತ್ತದೆ.

ಪಾದದಲ್ಲಿ ಒಂದು ಜಾಗ ಬಿಸಿಯಾಗಿ ಉರಿದರೆ ಅದು ಬೊಬ್ಬೆಯ ಮೊದಲ ಸೂಚನೆ. ಮುಂದಿನ ಊರಿನಲ್ಲಿ ನೋಡೋಣ ಅನ್ನಬೇಡಿ. ಅಲ್ಲೇ ಕೂತು ಶೂ ಬಿಚ್ಚಿ, ಒರೆಸಿ, ಬ್ಯಾಂಡೇಜು ಟೇಪು ಹಚ್ಚಿ, ಕಾಲುಚೀಲ ಬದಲಿಸಿ. ಐದು ನಿಮಿಷದ ಕೆಲಸ. ಬೆವರು ನಿಂತು ಚಳಿ ಹತ್ತಿದರೆ, ತಲೆ ಸುತ್ತಿದರೆ, ಮೂತ್ರ ಕಡು ಹಳದಿಯಾಗಿ ಉರಿದರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. ಯಾರಾದರೂ ಒಂದೇ ಬೈಕಿನಲ್ಲಿ ಎರಡು ಮೂರು ಸಲ ಸುಳಿದು "ಒಬ್ಬರೇನಾ? ಎಲ್ಲಿ ಉಳೀತೀರಿ?" ಅಂತ ಕೇಳಿದರೆ, "ಮುಂದಿನ ಊರಿನಲ್ಲಿ ನಮ್ಮವರು ಕಾಯ್ತಿದ್ದಾರೆ" ಅನ್ನಿ, ಹತ್ತಿರದ ಅಂಗಡಿಗೆ ಹೋಗಿ ಕೂತುಬಿಡಿ.

ಹಂತ 8: ಕೊನೆಯ ದಿನ

ಭಂಡಿಶೇಗಾಂವದ ಆಸುಪಾಸಿನಿಂದ ಬೆಳಿಗ್ಗೆ ಹೊರಟರೆ ವಾಖರಿ ದಾಟಿ ಮಧ್ಯಾಹ್ನದೊಳಗೆ ಪಂಢರಪುರ. ಮೊದಲು ಕೋಣೆ, ಸ್ನಾನ. ದೇವಸ್ಥಾನ ಸಮಿತಿಯ ಭಕ್ತನಿವಾಸ ಇದೆ, ಕನ್ನಡದವರು ನಡೆಸುವ ಮಠಗಳೂ ಇವೆ. ಒಡೆದ ಬೊಬ್ಬೆ ಇದ್ದರೆ ಚಂದ್ರಭಾಗೆಯಲ್ಲಿ (ಪಂಢರಪುರದಲ್ಲಿ ಭೀಮೆಯ ಹೆಸರು) ಕಾಲು ಅದ್ದಬೇಡಿ, ಕೀವು ತುಂಬುತ್ತದೆ. ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.

ಮುಖದರ್ಶನದ ಸಾಲು ಬೇಗ ಮುಗಿಯುತ್ತದೆ. ವಿಠ್ಠಲನ ಪಾದ ಮುಟ್ಟಬೇಕಾದರೆ ಪದಸ್ಪರ್ಶದ ಸಾಲಿಗೆ ನಿಲ್ಲಬೇಕು. ಅಷ್ಟು ದೂರ ನಡೆದವರು ಅಲ್ಲೇ ನಿಲ್ಲಿ. ಗದ್ದಲ ಇಲ್ಲದ ದಿನ ತಲುಪಲಿ ಅಂತ ಮೊದಲನೇ ಹಂತದಲ್ಲೇ ತಾರೀಖು ಹಿಡಿದದ್ದು ಇದಕ್ಕೇ. ಆ ರಾತ್ರಿ ಅಲ್ಲೇ ಉಳಿದು, ಮಾರನೇ ದಿನ ಪುಣೆಯ ಸ್ವಾರಗೇಟಿನ ಎಸ್‌ಟಿ ಹಿಡಿಯಿರಿ. ಕಿಟಕಿ ಪಕ್ಕ ಕೂತರೆ ವೇಳಾಪುರ, ಮಾಳಶಿರಸ, ನಾತೆಪುತೆ ಒಂದೊಂದಾಗಿ ಹಿಂದಕ್ಕೆ ಸರಿಯುತ್ತವೆ. ಕಾಲನ್ನು ಎದುರಿನ ಸೀಟಿನ ಕೆಳಗೆ ಚಾಚಿಡಿ, ಎರಡು ದಿನ ಊತ ಇಳಿಯುವುದಿಲ್ಲ.